ಇಂಜಿನಿನ ಉಸಿರೂ ಎಣ್ಣೆಯ ಡಬ್ಬಿಯೂ

ಅರ್ಥಶಾಸ್ತ್ರ, ಇತಿಹಾಸಗಳನ್ನು ಓದುತ್ತಿರುವ ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಮೋಟಾರು ಇಂಜಿನಿನ ವಿಷಯವಾಗಿ ಬರೆಯಹೊರಟರೆ, ತನ್ನ ಹೊಲ ಬಿಟ್ಟು ನೆರೆಯವರ ಹೊಲ ಉಳುವ ಕೆಲಸ ಇವನಿಗೇಕೆ ಎಂದು ನಮ್ಮ ಅಧ್ಯಾಪಕರು ನಗಬಹುದು. ಆದರೆ ಈ ವಿದ್ಯೆಯನ್ನು ನಾನು ಆಸೆಪಟ್ಟು ಕಲಿತದ್ದಲ್ಲ. ತಲೆಯ ಮೇಲೆ ಬಿದ್ದಾಗ ಕಲಿತದ್ದು. ಕಲಿಯುವ ಭರದಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಅದನ್ನು ಮುಚ್ಚಿಡದೆ ಹೇಳಿದರೆ, ಮನೆಯಲ್ಲಿ ಹಳೆಯ ಕಾರೋ ಜೀಪೋ ಇರುವ ಗೆಳೆಯರಿಗೆ ಉಪಯೋಗವಾದೀತೆಂದು ಈ ಲೇಖನ.

ತರೀಕೆರೆಯಲ್ಲಿರುವ ನನ್ನ ಸೋದರಮಾವನ ಸಂಸಾರ ನಡೆಯುವುದು ಒಂದು ಹಳೆಯ ಪೆಟ್ರೋಲು ಕಾರಿನಿಂದ. ಕೆಮ್ಮಣ್ಣುಗುಂಡಿ ನೋಡಲು ಬಂದವರನ್ನು ಬೆಟ್ಟಕ್ಕೆ ಕರೆದೊಯ್ಯುವುದು, ಮದುವೆ ಮುಂಜಿಗಳಿಗೆ ಓಡಾಡುವುದು, ಅವೇಳೆಯಲ್ಲಿ ರೋಗಿಗಳನ್ನು ಶಿವಮೊಗ್ಗಕ್ಕೆ ಮುಟ್ಟಿಸುವುದು, ಇದೇ ಅವರ ಉದ್ಯೋಗ. ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಆ ಕಾರು ಎಣ್ಣೆ ಕುಡಿಯತೊಡಗಿತ್ತು. ಬೆಳಿಗ್ಗೆ ಚಾಲೂ ಮಾಡಿದೊಡನೆ ಹಿಂದಿನ ಕೊಳವೆಯಿಂದ ನೀಲಿ ಹೊಗೆ. ಏರ್ ಫಿಲ್ಟರ್ ತೆಗೆದು ನೋಡಿದರೆ ಅದರ ಕಾಗದವೆಲ್ಲ ಎಣ್ಣೆಯಲ್ಲಿ ನೆನೆದಿತ್ತು. ಗ್ಯಾರೇಜಿನ ಮೇಸ್ತ್ರಿ ನೋಡಿ, "ರಿಂಗು ಹೋಗಿರಬಹುದು, ಇಂಜಿನ್ ಬಿಚ್ಚಬೇಕು" ಎಂದರು. ಮಾವನ ಮಗಳನ್ನು ಕಾಲೇಜಿಗೆ ಸೇರಿಸುವ ತಿಂಗಳು ಅದು. ಇಂಜಿನು ಬಿಚ್ಚುವ ಹಣ ಎಲ್ಲಿಂದ ಬರಬೇಕು?

ಆಗ ನಾನು ನಡುವೆ ಬಾಯಿ ಹಾಕಿದೆ. ಮೋಟಾರು ಪಂದ್ಯದ ಕಾರುಗಳಲ್ಲಿ 'ಕ್ಯಾಚ್ ಕ್ಯಾನ್' ಎಂಬ ಡಬ್ಬಿಯೊಂದನ್ನು ಕೂರಿಸುತ್ತಾರೆಂದೂ ಅದು ಇಂಜಿನು ಉಗುಳುವ ಎಣ್ಣೆಯನ್ನು ಹಿಡಿದಿಡುತ್ತದೆಂದೂ ಎಲ್ಲೋ ಓದಿದ್ದೆ.

"ಮಾವ, ಇಂಜಿನ್ ಬಿಚ್ಚೋದೇನೂ ಬೇಡ. ಒಂದು ಡಬ್ಬಿ ಮಾಡಿ ಕೂರಿಸಿದರೆ ಸಾಕು" ಎಂದೆ.

"ಆಗತ್ತೇನೋ?" ಎಂದರು ಮಾವ. ಅವರ ಮುಖ ಅರಳಿತು. "ಓದಿದ ಹುಡುಗ, ತಿಳಿದೇ ಹೇಳ್ತೀಯ. ಮಾಡು ನೋಡೋಣ."

ಈ ಡಬ್ಬಿ ಏನು ಮಾಡುತ್ತದೆಂದು ತಿಳಿಯಲು ಇಂಜಿನು ಹೇಗೆ ಉಸಿರಾಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಸೈಕಲ್ ಪಂಪನ್ನು ಎಲ್ಲರೂ ಒತ್ತಿದ್ದೇವಷ್ಟೆ. ಒಳಗಿನ ವಾಷರು ಪಂಪಿನ ಗೋಡೆಗೆ ಬಿಗಿಯಾಗಿ ಒತ್ತಿಕೊಂಡಿರುವುದರಿಂದ ಗಾಳಿ ಹಿಂದಕ್ಕೆ ನುಸುಳದೆ ಮುಂದಕ್ಕೆ ಹೋಗುತ್ತದೆ. ಕಾರಿನ ಸಿಲಿಂಡರೂ ಪಿಸ್ಟನ್ನೂ ಇಂಥದೇ ಜೋಡಿ. ವಾಷರಿನ ಬದಲು ಪಿಸ್ಟನ್ನಿನ ಸುತ್ತ ಲೋಹದ ರಿಂಗುಗಳಿರುತ್ತವೆ. ಲೋಹ ಕಾದಾಗ ಹಿಗ್ಗುವುದರಿಂದ ಪ್ರತಿ ರಿಂಗಿನಲ್ಲೂ ಕೂದಲೆಳೆಯಂಥ ಒಂದು ಸೀಳನ್ನು ಬಿಟ್ಟಿರಲೇಬೇಕು. ಪೆಟ್ರೋಲು ಹೊತ್ತಿ ಸಿಡಿದಾಗ ಆ ಒತ್ತಡದಲ್ಲಿ ಸ್ವಲ್ಪ ಅನಿಲ ಈ ಸೀಳಿನಿಂದಲೂ ರಿಂಗಿನ ಅಂಚಿನಿಂದಲೂ ಕೆಳಕ್ಕೆ ನುಸುಳುತ್ತದೆ. ಹೊಚ್ಚಹೊಸ ಇಂಜಿನಿನಲ್ಲೂ ಇದು ತಪ್ಪಿದ್ದಲ್ಲ; ರಿಂಗು ಸವೆದ ಇಂಜಿನಿನಲ್ಲಿ ಹೆಚ್ಚು, ಏರು ಹತ್ತುವಾಗ ಇನ್ನೂ ಹೆಚ್ಚು.

ಹೀಗೆ ನುಸುಳಿದ ಅನಿಲ ಹೋಗಿ ಸೇರುವುದು ಇಂಜಿನಿನ ತಳದ ಕ್ರ್ಯಾಂಕ್ ಪೆಟ್ಟಿಗೆಗೆ. ಅಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ದಂಡದ ಹೊಡೆತಕ್ಕೆ ಎಣ್ಣೆ ಚಿಮ್ಮಿ ಮಂಜಿನಂತೆ ತೇಲುತ್ತಿರುತ್ತದೆ. ಅನಿಲ ಈ ಮಂಜನ್ನು ಹೊತ್ತುಕೊಳ್ಳುತ್ತದೆ. ಅದರಲ್ಲಿ ಸುಡದೆ ಉಳಿದ ಪೆಟ್ರೋಲಿನ ಆವಿಯೂ ಇರುತ್ತದೆ, ನೀರಿನ ಆವಿಯೂ ಇರುತ್ತದೆ. ನೀರು ಎಲ್ಲಿಂದ ಬಂತೆಂದು ನಮ್ಮ ವಿಭಾಗದ ಗೆಳೆಯರು ಕೇಳಬಹುದು. ಪೆಟ್ರೋಲಿನಲ್ಲಿರುವ ಜಲಜನಕ ಉರಿದಾಗ ನೀರೇ ಆಗುತ್ತದೆ; ಒಂದು ಲೀಟರು ಪೆಟ್ರೋಲು ಪೂರ್ತಿ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಬಹುಪಾಲು ಹೊಗೆಯ ಕೊಳವೆಯಿಂದ ಆವಿಯಾಗಿ ಹೊರಟುಹೋಗುತ್ತದೆ. ಸ್ವಲ್ಪ ಕೆಳಕ್ಕೆ ನುಸುಳುತ್ತದೆ.

ಈ ಅನಿಲವನ್ನು ಹೊರಕ್ಕೆ ಬಿಡದೆ ಗತ್ಯಂತರವಿಲ್ಲ. ಬಿಡದಿದ್ದರೆ ಒಳಗಿನ ಒತ್ತಡ ಏರಿ ಸೀಲುಗಳಿಂದ ಎಣ್ಣೆ ಒಸರುತ್ತದೆ; ಎಣ್ಣೆಯ ಮಟ್ಟ ನೋಡುವ ಕಡ್ಡಿಯೇ ಮೇಲಕ್ಕೆದ್ದು ಬರುವುದೂ ಉಂಟು. ಹಿಂದಿನ ಕಾರುಗಳಲ್ಲಿ ಇದಕ್ಕೊಂದು ಸುಲಭೋಪಾಯವಿತ್ತು. ಕ್ರ್ಯಾಂಕ್ ಪೆಟ್ಟಿಗೆಯಿಂದ ಒಂದು ಕೊಳವೆಯನ್ನು ನೆಲದ ಕಡೆಗೆ ಇಳಿಬಿಡುತ್ತಿದ್ದರು. ಕಾರು ಓಡುವಾಗ ಕೆಳಗೆ ಬೀಸುವ ಗಾಳಿ ಕೊಳವೆಯ ಬಾಯಿಂದ ಅನಿಲವನ್ನೆಳೆದು ಬೀದಿಗೆ ಬಿಡುತ್ತಿತ್ತು. ಇಂಜಿನಿಗೆ ಸುಖ, ಊರಿಗೆ ಕಷ್ಟ! ಅಮೆರಿಕದ ಲಾಸ್ ಏಂಜಲೀಸ್ ನಗರದ ಜನ ಕಣ್ಣುರಿಸುವ ಹೊಗೆಮಂಜಿನಿಂದ ಬೇಸತ್ತಿದ್ದ ಕಾಲದಲ್ಲಿ, ಎಂದರೆ 1950ರ ದಶಕದಲ್ಲಿ, ಹಾಲೆಂಡಿನಿಂದ ಬಂದು ಅಲ್ಲಿ ನೆಲಸಿದ್ದ ಹಾಗನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು ಅದರ ಮೂಲವನ್ನು ಪತ್ತೆ ಹಚ್ಚಿದರು. ಸುಡದ ಇಂಧನದ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಒಂದರ ಮೇಲೊಂದು ವರ್ತಿಸಿ ಆ ಮಂಜು ಹುಟ್ಟುತ್ತದೆಂದು ಅವರು ತೋರಿಸಿಕೊಟ್ಟರು. 1961ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಕ್ರ್ಯಾಂಕ್ ಪೆಟ್ಟಿಗೆಯ ಅನಿಲವನ್ನು ಬೀದಿಗೆ ಬಿಡದೆ ಇಂಜಿನಿಗೇ ಮರಳಿಸಿ ಸುಡುವ ವ್ಯವಸ್ಥೆಯನ್ನು ಕಡ್ಡಾಯ ಮಾಡುವ ಕ್ರಮ ಕೈಗೊಂಡಿತು. ಮೋಟಾರಿನ ಮಾಲಿನ್ಯವನ್ನು ತಡೆಯಲು ಆ ದೇಶದಲ್ಲಿ ಬಂದ ಮೊದಲ ಸಾಧನ ಅದು.

ಇಂದಿನ ಪೆಟ್ರೋಲು ಕಾರುಗಳಲ್ಲಿ ಇರುವುದು ಇದೇ ವ್ಯವಸ್ಥೆ. ಅದರಲ್ಲಿ ಎರಡು ಪೈಪುಗಳು. ಒಂದು, ಏರ್ ಫಿಲ್ಟರಿನಿಂದ ಶುದ್ಧ ಗಾಳಿಯನ್ನು ಇಂಜಿನಿನ ತಲೆಯ ಮುಚ್ಚಳದೊಳಕ್ಕೆ ತರುತ್ತದೆ. ಇನ್ನೊಂದು, ಸ್ಪ್ರಿಂಗು ಇರುವ ಒಂದು ಚಿಕ್ಕ ವಾಲ್ವಿನ ಮೂಲಕ ಒಳಗಿನ ಅನಿಲವನ್ನು ಇಂಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಕೊಳವೆಗೆ, ಎಳೆದೊಯ್ಯುತ್ತದೆ. ಏರಿನಲ್ಲಿ ಅನಿಲ ವಿಪರೀತವಾದರೆ ಮೊದಲನೆಯ ಪೈಪಿನಲ್ಲೂ ಹಿಂದಕ್ಕೆ ನುಗ್ಗುತ್ತದೆ. ನಮ್ಮ ಮಾವನ ಕಾರಿನ ಫಿಲ್ಟರು ಎಣ್ಣೆಯಲ್ಲಿ ನೆನೆದಿದ್ದುದು ಇದರಿಂದಲೇ.

ಅನಿಲವನ್ನು ಸುಡುವುದೇನೋ ಒಳ್ಳೆಯದು. ಅದರ ಜೊತೆಗೆ ಬರುವ ಎಣ್ಣೆಯ ಮಂಜು ಒಳ್ಳೆಯದಲ್ಲ. ಅದು ಗಾಳಿಯ ದಾರಿಯಲ್ಲಿ ಅಂಟಾಗಿ ಕೂರುತ್ತದೆ. ಪೆಟ್ರೋಲಿನೊಡನೆ ಬೆರೆತಾಗ ಇಂಜಿನಿನಲ್ಲಿ 'ಟಕಟಕ' ಬಡಿತವನ್ನೂ ಹುಟ್ಟಿಸಬಲ್ಲದು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಇತ್ತೀಚಿನ ಇಂಜಿನುಗಳಲ್ಲಿ ಗಾಳಿಯ ವಾಲ್ವಿನ ಬೆನ್ನನ್ನು ಪೆಟ್ರೋಲು ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಮಸಿ ಗಟ್ಟಿಯಾಗಿ ಬೆಳೆಯುತ್ತದೆ. ಆದುದರಿಂದ ಎರಡನೆಯ ಪೈಪಿನ ನಡುವೆ ಒಂದು ಡಬ್ಬಿಯನ್ನಿಟ್ಟು, ಅನಿಲವನ್ನು ಮುಂದಕ್ಕೆ ಬಿಟ್ಟು ಎಣ್ಣೆಯನ್ನು ಮಾತ್ರ ಹಿಡಿದುಕೊಳ್ಳುವುದೇ ಕ್ಯಾಚ್ ಕ್ಯಾನಿನ ಕೆಲಸ. ಮೋಟಾರು ಪಂದ್ಯಗಳಲ್ಲಿ ಇದರ ಉದ್ದೇಶ ಸ್ವಲ್ಪ ಬೇರೆ. ಎಣ್ಣೆ ದಾರಿಗೆ ಬಿದ್ದು ಹಿಂದೆ ಬರುವವರು ಜಾರಬಾರದು. ಇಂಜಿನು ತೆರೆದ ಕೊಳವೆಯಿಂದ ಉಸಿರು ಬಿಡುವಂತಿದ್ದರೆ 2000 ಘನ ಸೆಂಟಿಮೀಟರಿನವರೆಗಿನ ಇಂಜಿನಿಗೆ 2 ಲೀಟರಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 3 ಲೀಟರಿನ ಡಬ್ಬಿ ಇರಬೇಕೆಂದು ಅಂತರರಾಷ್ಟ್ರೀಯ ಪಂದ್ಯಗಳ ನಿಯಮವುಂಟು.

ಡಬ್ಬಿ ಎಣ್ಣೆಯನ್ನು ಹಿಡಿಯುವುದು ಹೇಗೆ? ಇಡ್ಲಿ ಬೇಯುವಾಗ ಪಾತ್ರೆಯ ಮುಚ್ಚಳ ತೆಗೆದು ನೋಡಿದವರಿಗೆ ಅರ್ಧ ಉತ್ತರ ಗೊತ್ತೇ ಇದೆ. ಬಿಸಿ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಗಟ್ಟುತ್ತದೆ. ಡಬ್ಬಿಯಲ್ಲೂ ಹಾಗೆಯೇ. ಇದಲ್ಲದೆ ಇನ್ನೆರಡು ಕಾರಣಗಳಿವೆ. ಕಿರಿದಾದ ಪೈಪಿನಿಂದ ಅಗಲವಾದ ಡಬ್ಬಿಗೆ ಬಂದ ಅನಿಲದ ವೇಗ ಕುಗ್ಗುತ್ತದೆ. ತುಂಬಿದ ಹೊಳೆ ಕೆರೆಗೆ ಬಂದೊಡನೆ ಹೂಳನ್ನು ಕೆಳಗಿಳಿಸುವಂತೆ ಅದು ದಪ್ಪ ಹನಿಗಳನ್ನು ಬಿಟ್ಟುಬಿಡುತ್ತದೆ. ಮುಂದೆ ದಾರಿಯನ್ನು ಥಟ್ಟನೆ ತಿರುಗಿಸಿದರೆ ಹಗುರವಾದ ಅನಿಲ ತಿರುಗುತ್ತದೆ, ಭಾರವಾದ ಹನಿ ತಿರುಗಲಾರದೆ ಎದುರಿನ ತಗಡಿಗೆ ಬಡಿದು ಅಂಟಿಕೊಳ್ಳುತ್ತದೆ.

ಇಷ್ಟು ತಿಳಿದ ಮೇಲೆ ನಾನು ಮಾಡಿದ ಮೊದಲ ಡಬ್ಬಿಯ ಕಥೆ ಕೇಳಿ. ಅತ್ತೆಯ ಅಡಿಗೆಮನೆಯಿಂದ ಹಾಲಿನಪುಡಿಯ ಖಾಲಿ ಡಬ್ಬಿಯೊಂದನ್ನು ತಂದು, ಮುಚ್ಚಳದಲ್ಲಿ ಎರಡು ತೂತು ಕೊರೆದು, ಎರಡು ತುಂಡು ಪೈಪು ಬೆಸೆಸಿ, ಕಾರಿಗೆ ಕೂರಿಸಿದೆ. ಚಾಲೂ ಮಾಡಿ ಒಂದು ನಿಮಿಷವಾಗಿರಲಿಲ್ಲ. 'ಡಬ್' ಎಂದು ಶಬ್ದವಾಗಿ ಮುಚ್ಚಳ ಒಳಕ್ಕೆ ಕುಸಿಯಿತು. ಕಾರು ನಿಂತಲ್ಲೇ ಇಂಜಿನು ಮೆಲ್ಲಗೆ ಓಡುತ್ತಿರುವಾಗ ಮ್ಯಾನಿಫೋಲ್ಡಿನಲ್ಲಿ ಬಲವಾದ ಸೆಳೆತವಿರುತ್ತದೆ. ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.6 ಕಿಲೋಗ್ರಾಂ ಕಡಿಮೆ. ಹತ್ತು ಸೆಂಟಿಮೀಟರು ಅಗಲದ ಮುಚ್ಚಳದ ಮೇಲೆ ಆಗ ಬೀಳುವ ಭಾರ ಸುಮಾರು 47 ಕಿಲೋಗ್ರಾಂ! ಅರ್ಧ ಮೂಟೆ ಅಕ್ಕಿಯನ್ನು ಹೊರಲು ಹಾಲಿನಪುಡಿಯ ಡಬ್ಬಿಯಿಂದಾದೀತೆ?

ಎರಡನೆಯ ಸಾರಿ ವೆಲ್ಡಿಂಗ್ ಅಂಗಡಿಗೆ ಹೋದೆ. ಮೂರಂಗುಲ ಅಗಲದ, 3 ಮಿಲಿಮೀಟರು ದಪ್ಪದ ಕಬ್ಬಿಣದ ಪೈಪನ್ನು 20 ಸೆಂಟಿಮೀಟರು ಉದ್ದಕ್ಕೆ ಕತ್ತರಿಸಿದೆವು. ಅದರಲ್ಲಿ ಸುಮಾರು 880 ಮಿಲಿಲೀಟರು ಹಿಡಿಯುತ್ತದೆ. ತಳಕ್ಕೆ ಒಂದು ಬಿಲ್ಲೆಯನ್ನು ಬೆಸೆದು, ಅದರ ನಡುವೆ ಹಿತ್ತಾಳೆಯ ಚಿಕ್ಕ ನಲ್ಲಿ ಕೂರಿಸಿದೆವು. ಮೇಲಿನ ಬಾಯಿಗೆ ದಪ್ಪ ಬಳೆ ಬೆಸೆದು, ಮುಚ್ಚಳವನ್ನು ಆರು ಬೋಲ್ಟುಗಳಿಂದ ಬಿಗಿದು, ನಡುವೆ ಎಣ್ಣೆಗೆ ಕರಗದ ರಬ್ಬರಿನ ಪ್ಯಾಕಿಂಗ್ ಕೊಟ್ಟೆವು. ಮುಚ್ಚಳವನ್ನು ಬಿಚ್ಚುವಂತೆ ಮಾಡಿದುದು ಒಳಗನ್ನು ಆಗಾಗ ತೊಳೆಯಲು.

ಅನಿಲ ಒಳಬರುವ ಕೊಳವೆ ಮುಚ್ಚಳದಿಂದ 12 ಸೆಂಟಿಮೀಟರು ಕೆಳಕ್ಕೆ ಇಳಿಯುತ್ತದೆ. ಅದರ ಬಾಯಿಗೆ ಬೆರಳಗಲ ಕೆಳಗೆ ಒಂದು ಅಡ್ಡತಗಡು. ಅನಿಲ ಅದಕ್ಕೆ ಬಡಿಯಲೆಂದೂ ತಳದಲ್ಲಿ ನಿಂತ ಎಣ್ಣೆಯನ್ನು ಕಲಕದಿರಲೆಂದೂ. ಹೊರಹೋಗುವ ಕೊಳವೆ ಮುಚ್ಚಳದಲ್ಲೇ ಮುಗಿಯುತ್ತದೆ. ಇವೆರಡರ ನಡುವೆ, ಡಬ್ಬಿಯ ಮೇಲ್ಭಾಗದಲ್ಲಿ, ಪಾತ್ರೆ ಉಜ್ಜುವ ತುಕ್ಕು ಹಿಡಿಯದ ಸ್ಟೀಲ್ ಸ್ಕ್ರಬ್ಬರನ್ನು ಸಡಿಲವಾಗಿ ತುಂಬಿ, ಕೆಳಗೂ ಮೇಲೂ ತೂತಿನ ತಗಡುಗಳಿಂದ ಭದ್ರಪಡಿಸಿದೆವು. ಈ ತಗಡುಗಳನ್ನು ಬಿಡಬಾರದು. ಸ್ಕ್ರಬ್ಬರಿನ ಒಂದು ಎಳೆ ಕಿತ್ತುಕೊಂಡು ಹೋದರೂ ಅದು ಸೇರುವುದು ಸಿಲಿಂಡರಿಗೆ. ಬಡಗಿಗಳು ಬಳಸುವ ನವಿರಾದ ಉಕ್ಕಿನ ನಾರನ್ನಂತೂ ಹಾಕಲೇಬಾರದು. ಅದು ತುಕ್ಕು ಹಿಡಿದು ಪುಡಿಯಾಗುತ್ತದೆ. ಸ್ಕ್ರಬ್ಬರನ್ನು ಒತ್ತಿ ತುಂಬುವುದೂ ತಪ್ಪು. ಉಸಿರಿನ ದಾರಿಯಲ್ಲಿ ನಾವು ಇಡುವ ಯಾವ ವಸ್ತುವೂ ಉಸಿರನ್ನೇ ಕಟ್ಟಬಾರದು. ಇದೇ ಕಾರಣದಿಂದ ಕೊಳವೆ, ಪೈಪುಗಳ ಒಳ ಅಳತೆ ಕಾರಿನ ಮೂಲ ಪೈಪಿನಷ್ಟಾದರೂ ಇರಬೇಕು, ಕಡಿಮೆಯಾಗಕೂಡದು. ಪೈಪು ಎಣ್ಣೆ ಪೆಟ್ರೋಲುಗಳಿಗೆಂದೇ ಮಾಡಿದ ದಪ್ಪ ರಬ್ಬರಿನದಾಗಿರಬೇಕು. ತೋಟಕ್ಕೆ ನೀರು ಬಿಡುವ ಪೈಪು ಬಿಸಿಗೆ ಮೆತ್ತಗಾಗಿ ಸೆಳೆತಕ್ಕೆ ಚಪ್ಪಟೆಯಾಗುತ್ತದೆ.

ಡಬ್ಬಿ ಸಿದ್ಧವಾದ ಮೇಲೆ ಒಳಗಿದ್ದ ಬೆಸುಗೆಯ ಕಿಟ್ಟವನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆವು. ಅನಂತರ ಪಂಚರ್ ಅಂಗಡಿಯ ವಿದ್ಯೆ: ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ, ಡಬ್ಬಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆವು. ಒಂದು ಕಡೆ ಗುಳ್ಳೆ ಬಂತು, ಮತ್ತೆ ಬೆಸೆದೆವು. ಇಲ್ಲಿ ಸೋರಿಕೆಯಿದ್ದರೆ ಇಂಜಿನು ಅಳತೆಗೆ ಸಿಗದ ಗಾಳಿಯನ್ನು ಕುಡಿದು, ನಿಂತಲ್ಲಿ ಸಮನಾಗಿ ಓಡುವುದಿಲ್ಲ. ಡಬ್ಬಿಯನ್ನು ಹೊಗೆಯ ಕೊಳವೆಯ ಬಿಸಿಯಿಂದ ದೂರ, ಗಾಳಿಯಾಡುವ ಕಡೆ, ಗಟ್ಟಿಯಾದ ಪಟ್ಟಿಯಿಂದ ಕಾರಿನ ಮೈಗೆ ಬಿಗಿದೆವು. ಪೈಪಿನಲ್ಲಿ ಎಣ್ಣೆ ನಿಲ್ಲುವ ತಗ್ಗು ಎಲ್ಲಿಯೂ ಇಲ್ಲದಂತೆ ನೋಡಿಕೊಂಡೆವು.

ಕೊನೆಗೆ ಒಂದು ಪರೀಕ್ಷೆ. ಇಂಜಿನು ಓಡುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಗಟ್ಟಿ ಕಾಗದದ ತುಂಡೊಂದನ್ನು ಇಡಬೇಕು. ಎಲ್ಲವೂ ಸರಿಯಿದ್ದರೆ ಒಳಗಿನ ಸೆಳೆತಕ್ಕೆ ಕಾಗದ ಬಾಯಿಗೆ ಅಂಟಿಕೊಳ್ಳುತ್ತದೆ. ನಮ್ಮ ಕಾಗದ ಅಂಟಿಕೊಳ್ಳಲಿಲ್ಲ. ಪಟಪಟನೆ ಮೇಲಕ್ಕೆ ಹಾರಿತು. ವಾಲ್ವು ಎಳೆಯುವುದಕ್ಕಿಂತ ಹೆಚ್ಚು ಅನಿಲ ಕೆಳಗಿನಿಂದ ನುಗ್ಗುತ್ತಿದೆಯೆಂಬುದು ಅದರ ಅರ್ಥ. ಆ ಅರ್ಥ ನನಗೆ ಗೊತ್ತಿತ್ತು. ಆದರೆ ಮಾವನೂ ಅತ್ತೆಯೂ ಸಂತೋಷದಿಂದ ನೋಡುತ್ತ ನಿಂತಿದ್ದರು. "ಗಾಳಿ ಜೋರಾಗಿದೆ" ಎಂದುಕೊಂಡು ಮುಚ್ಚಳ ಹಾಕಿಬಿಟ್ಟೆ.

ಒಂದು ವಾರದ ಮೇಲೆ ನಲ್ಲಿ ತಿರುಗಿಸಿದಾಗ ಸುಮಾರು ಅರ್ಧ ಲೋಟ ದ್ರವ ಬಂತು. ಹಾಲು ಬೆರೆಸಿದ ಕಾಫಿಯ ಬಣ್ಣ, ಪೆಟ್ರೋಲಿನ ವಾಸನೆ. ನೀರೂ ಎಣ್ಣೆಯೂ ಕಡೆದುಕೊಂಡಾಗ ಹಾಗಾಗುತ್ತದೆ. ಮಾವ ಅದನ್ನು ಸೀಸೆಯಲ್ಲಿಟ್ಟು ಸ್ಟ್ಯಾಂಡಿನ ಚಾಲಕರಿಗೆಲ್ಲ ತೋರಿಸಿದರು. "ನಮ್ಮ ಹುಡುಗ ಮಾಡಿದ್ದು" ಎಂದು ಹೇಳಿಕೊಂಡರು. ನಾನೂ ಹಿಗ್ಗಿದೆ.

ಮೂರನೆಯ ವಾರ ವೃದ್ಧ ದಂಪತಿಗಳನ್ನೂ ಅವರ ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಕೆಮ್ಮಣ್ಣುಗುಂಡಿಗೆ ಹೊರಟೆವು. ಲಿಂಗದಹಳ್ಳಿ ದಾಟಿ ಘಟ್ಟ ಹತ್ತುತ್ತಿದ್ದಾಗ ತಿರುವೊಂದರಲ್ಲಿ ಎಣ್ಣೆಯ ಕೆಂಪು ದೀಪ ಮಿನುಗಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿನುಗಿತು. ಮಾವ ಕೂಡಲೇ ಬದಿಗೆ ನಿಲ್ಲಿಸಿ ಇಂಜಿನು ಆರಿಸಿ ಕಡ್ಡಿ ಎಳೆದು ನೋಡಿದರು. ಕಡ್ಡಿಯ ತುದಿಯಲ್ಲೂ ಎಣ್ಣೆಯಿರಲಿಲ್ಲ. ಇನ್ನು ಒಂದೆರಡು ಮೈಲಿ ಹೋಗಿದ್ದರೆ ಬೇರಿಂಗುಗಳು ಸುಟ್ಟು, ಅನ್ನ ಕೊಡುವ ಆ ಇಂಜಿನು ಅಲ್ಲಿಯೇ ಕಚ್ಚಿಕೊಳ್ಳುತ್ತಿತ್ತು. ಮಕ್ಕಳು ದಾರಿಯ ಬದಿಯಲ್ಲಿ ಆಡುತ್ತಿದ್ದರು. ಲಿಂಗದಹಳ್ಳಿಯಿಂದ ಎಣ್ಣೆ ತರಿಸುವವರೆಗೆ ನಾನು ತಲೆಯೆತ್ತಲಿಲ್ಲ. ಮಾವ ಬೈಯಲಿಲ್ಲ.

"ಡಬ್ಬಿ ಇದೆ ಅಂತ ಕಡ್ಡಿ ನೋಡೋದೇ ಬಿಟ್ಟಿದ್ದೆ ಕಣೋ" ಎಂದರು, ಅಷ್ಟೆ.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿಯೂ ಜಮಾ-ಖರ್ಚಿನ ತಾಳೆ ನೋಡುವ ಬುದ್ಧಿ ನನಗೆ ಆಗ ಬಂತು. ಮೂರು ವಾರಗಳಲ್ಲಿ ಡಬ್ಬಿ ಹಿಡಿದದ್ದು ಸುಮಾರು 300 ಮಿಲಿಲೀಟರು. ಸೀಸೆಯಲ್ಲಿ ಅಲ್ಲಾಡದೆ ನಿಂತ ಮೇಲೆ ನೋಡಿದರೆ ಅದರಲ್ಲಿ ಅರ್ಧದಷ್ಟು ನೀರು. ಇಂಜಿನು ಕಳೆದುಕೊಂಡ ಎಣ್ಣೆಯಾದರೋ ಎರಡು ಲೀಟರಿಗೂ ಹೆಚ್ಚು. ಉಳಿದುದು ಡಬ್ಬಿಯ ದಾರಿ ಹಿಡಿಯದೆ ಸವೆದ ರಿಂಗುಗಳನ್ನು ದಾಟಿ ಮೇಲೇರಿ ಸಿಲಿಂಡರಿನಲ್ಲೇ ಸುಟ್ಟುಹೋಗುತ್ತಿತ್ತು. ನೀಲಿ ಹೊಗೆ ಅದನ್ನೇ ಹೇಳುತ್ತಿತ್ತು. ಹಾರಿದ ಕಾಗದವೂ ಅದನ್ನೇ ಹೇಳಿತ್ತು.

ಮರುದಿನ ನಾನೇ ಮಾವನನ್ನು ಮೇಸ್ತ್ರಿಯ ಬಳಿಗೆ ಕರೆದುಕೊಂಡು ಹೋದೆ. ಅವರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಅಲ್ಲಿ ಒತ್ತಡದ ಗಡಿಯಾರ ಹಿಡಿದು ಅಳೆದರು. ಆರೋಗ್ಯವಾದ ಪೆಟ್ರೋಲು ಇಂಜಿನಿನಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10ರಿಂದ 13 ಕಿಲೋಗ್ರಾಂ ಒತ್ತಡ ಬರುತ್ತದೆ. ಎಲ್ಲ ಸಿಲಿಂಡರುಗಳಲ್ಲೂ ಅದು ಹೆಚ್ಚು ಕಡಿಮೆ ಸಮನಾಗಿರಬೇಕು. ನಮ್ಮದರಲ್ಲಿ ಮೂರು ಸಿಲಿಂಡರು 11ರ ಆಸುಪಾಸು, ಒಂದು ಬರಿ 7. ಮೇಸ್ತ್ರಿ ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು, 10ಕ್ಕೆ ಏರಿತು. ಎಣ್ಣೆ ಸ್ವಲ್ಪ ಹೊತ್ತು ರಿಂಗಿನ ಸಂದನ್ನು ಮುಚ್ಚಿತ್ತೆಂದು ಇದರ ಅರ್ಥ. ದೋಷ ವಾಲ್ವಿನಲ್ಲಿದ್ದರೆ ಎಣ್ಣೆ ಬಿಟ್ಟರೂ ಒತ್ತಡ ಹೀಗೆ ಏರುತ್ತಿರಲಿಲ್ಲ. ಒಂದು ಚಮಚ ಎಣ್ಣೆಯಿಂದ ಇಷ್ಟು ಖಚಿತವಾದ ತೀರ್ಮಾನಕ್ಕೆ ಬಂದ ಆ ಮೇಸ್ತ್ರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಮೊದಲ ದಿನ ಅವರು ಹೇಳಿದ ಮಾತೇ ನಿಜವಾಗಿತ್ತು. ಮಾವ ಅವರಿವರಲ್ಲಿ ಕೈಗಡ ಮಾಡಿ ಇಂಜಿನು ಬಿಚ್ಚಿಸಿದರು. ಸಿಲಿಂಡರಿನ ಗೋಡೆಗೆ ಗಾಯವಾಗಿರಲಿಲ್ಲ. ರಿಂಗುಗಳನ್ನು ಬದಲಾಯಿಸಿದ ಮೇಲೆ ಕಾರು ಸರಿಹೋಯಿತು. ಇನ್ನೂ ತಡಮಾಡಿದ್ದರೆ ಖರ್ಚು ಎಷ್ಟೋ ಪಾಲು ಹೆಚ್ಚಾಗುತ್ತಿತ್ತು.

ಹಾಗಾದರೆ ಡಬ್ಬಿ ವ್ಯರ್ಥವೇ? ಅಲ್ಲ. ಅದು ಈಗಲೂ ಮಾವನ ಕಾರಿನಲ್ಲಿದೆ. ಈಗ ತಿಂಗಳಿಗೆ ಒಂದೆರಡು ಚಮಚ ಮಾತ್ರ ಸಿಗುತ್ತದೆ. ಗಾಳಿಯ ದಾರಿ ಒಣಗಿ ಶುಚಿಯಾಗಿದೆ. ಒಂದು ವೇಳೆ ಡಬ್ಬಿಯಲ್ಲಿ ಮತ್ತೆ ಹೆಚ್ಚು ಎಣ್ಣೆ ಕಂಡರೆ ರಿಂಗಿನ ಸುದ್ದಿ ಮೊದಲೇ ತಿಳಿಯುತ್ತದೆ. ವೈದ್ಯರ ಜ್ವರದ ಕಡ್ಡಿಯಂತೆ ಅದು ರೋಗವನ್ನು ತೋರಿಸುತ್ತದೆ, ವಾಸಿಮಾಡುವುದಿಲ್ಲ. ನಾನು ಅದನ್ನೇ ಔಷಧಿಯೆಂದು ಹೇಳಿ ಕೊಟ್ಟದ್ದು ತಪ್ಪು.

ಇದನ್ನು ಮಾಡಬಯಸುವ ಗೆಳೆಯರಿಗೆ ಕೆಲವು ಮಾತುಗಳು. ಕಾಗದದ ಪರೀಕ್ಷೆಯನ್ನು ಡಬ್ಬಿ ಮಾಡುವುದಕ್ಕೆ ಮೊದಲೇ ಮಾಡಿ. ಕಾಗದ ಹಾರಿದರೆ ವೆಲ್ಡಿಂಗ್ ಅಂಗಡಿಗೆ ಹೋಗದೆ ಮೇಸ್ತ್ರಿಯ ಬಳಿಗೆ ಹೋಗಿ. ಡಬ್ಬಿಯಿಂದ ಹೊರಟ ಪೈಪನ್ನು ಬಯಲಿಗೆ ಬಿಡದೆ ಇಂಜಿನಿಗೇ ಸೇರಿಸಿ. ನಮ್ಮೂರಿನ ಗಾಳಿಯೂ ಲಾಸ್ ಏಂಜಲೀಸಿನ ಗಾಳಿಯಂತಾಗುವುದು ಬೇಡ. ವಾರಕ್ಕೊಮ್ಮೆ ನಲ್ಲಿ ತಿರುಗಿಸಿ. ತುಂಬಿದ ಡಬ್ಬಿ ಒಮ್ಮೆಲೇ ಎಣ್ಣೆಯನ್ನು ಇಂಜಿನಿಗೆ ಕುಡಿಸಬಹುದು. ಹೊರಬಂದ ದ್ರವವನ್ನು ಮತ್ತೆ ಇಂಜಿನಿಗೆ ಹಾಕಬೇಡಿ, ಚರಂಡಿಗೂ ಚೆಲ್ಲಬೇಡಿ. 2016ರ ನಿಯಮಗಳಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. ಗ್ಯಾರೇಜಿನ ಹಳೆಯ ಎಣ್ಣೆಯ ಪೀಪಾಯಿಗೆ ಕೊಡುವುದು ಮೇಲು. ಭಾರತ್ ಸ್ಟೇಜ್ 6ರ ನಿಯಮ 2020ರ ಏಪ್ರಿಲಿನಲ್ಲಿ ಬಂದ ಮೇಲಿನ ಹೊಸ ಕಾರುಗಳಲ್ಲಿ ಗಾಳಿಯ ಲೆಕ್ಕವೆಲ್ಲ ಬಹಳ ನಾಜೂಕು. ಅವುಗಳಿಗೆ ಮನೆಯ ಡಬ್ಬಿ ಕೂರಿಸುವ ಸಾಹಸ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಡಬ್ಬಿ ಇರಲಿ ಬಿಡಲಿ, ದಿನವೂ ಬೆಳಿಗ್ಗೆ ಕಡ್ಡಿ ಎಳೆದು ಎಣ್ಣೆ ನೋಡಿ. ಮಾವ ಈಗ ಹಾಗೆಯೇ ಮಾಡುತ್ತಾರೆ. ರಜೆಗೆ ಹೋದಾಗ ಆ ಕೆಲಸ ನನ್ನದು.